ಹುಡುಕದೆ ನೋಡುವ ಕಣ್ಣು

ಹುಣಸೂರಿನಿಂದ ಗೋಣಿಕೊಪ್ಪಲಿಗೆ ಹೋಗುವ ರಸ್ತೆ ನಾಗರಹೊಳೆ ಕಾಡಿನ ಅಂಚು ಹಿಡಿದು ಬಂದು ತಿತಿಮತಿಯನ್ನು ಹಾಯುತ್ತದೆ. ಒಂದು ಮಗ್ಗುಲಿಗೆ ಕಾಡು, ಇನ್ನೊಂದು ಮಗ್ಗುಲಿಗೆ ಮರದ ನೆರಳಿನ ಕಾಫಿ ತೋಟಗಳು, ತಗ್ಗಿನಲ್ಲಿ ಗದ್ದೆಬಯಲು. ಜೇನುಕುರುಬರ ಹಾಡಿಗಳಿರುವ ಸೀಮೆ ಇದು. ಹೂಮಳೆ ಬಿದ್ದು ರೊಬಸ್ಟಾ ಅರಳಿದಾಗ ಹೆಜ್ಜೇನು, ತುಡುವೆ, ಮುಳ್ಳಿಲ್ಲದ ಕಿರುಜೇನು ಮೂರೂ ತೋಟಕ್ಕೆ ಮುತ್ತುತ್ತವೆ. ಕಾಯಿ ಕಟ್ಟುವುದರಲ್ಲಿ ಅವುಗಳ ಪಾಲು ದೊಡ್ಡದೆಂದು ಕೊಡಗಿನ ತೋಟಗಳಲ್ಲೇ ನಡೆದ ಅಧ್ಯಯನ ತೋರಿಸಿದೆ. ಈ ಲೇಖನದ ಪ್ರಶ್ನೆ ಪರಾಗಕ್ಕಿಂತ ಹಾರಾಟಕ್ಕೆ ಸೇರಿದ್ದು. ತುಡುವೆಯ ಹತ್ತಿರದ ಬಂಧುವಾದ ಯುರೋಪಿನ ಸಾಕುಜೇನಿನ ಲೆಕ್ಕ ಹಿಡಿದರೆ, ಒಂದೊಂದು ಕಣ್ಣಿನಲ್ಲಿ ಸುಮಾರು 5,000 ಕಿರುಗಣ್ಣುಗಳು, ಒಂದು ಮಿಲಿಗ್ರಾಂ ಆಸುಪಾಸಿನ ಮಿದುಳು, ಅದರಲ್ಲಿ ಹತ್ತು ಲಕ್ಷದೊಳಗಿನ ನರಕೋಶಗಳು. ಇಷ್ಟು ಬಂಡವಾಳದಲ್ಲಿ ಅದು ಸೆಕೆಂಡಿಗೆ ಏಳು ಮೀಟರಿನಂತೆ ಹಾರುತ್ತ ರೆಂಬೆಗೆ ಡಿಕ್ಕಿ ಹೊಡೆಯದೆ ತೂರಿ, ಹೂವಿನ ಮೇಲೆ ಮೆಲ್ಲನೆ ಇಳಿಯುತ್ತದೆ. ನಿಸರ್ಗ ಬಗೆಹರಿಸಿದ್ದನ್ನು ಎಂಜಿನಿಯರುಗಳು ನಕಲು ಮಾಡಿ ವಿಡಿಯೋದಲ್ಲಿ ಚಲನೆ ಅಳೆಯುವ ವೇಗದ ವಿಧಾನ ಕಂಡುಕೊಂಡರು ಎಂದು ಈ ಚರಿತ್ರೆಯನ್ನು ಹೇಳುವುದು ವಾಡಿಕೆ. ದಾಖಲೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಕಥೆ ತಿರುವುಮುರುವಾಗುತ್ತದೆ. ಎಂಜಿನಿಯರಿನ ಪ್ರಶ್ನೆಯೇ ಮೊದಲು ಕೀಟದ ಕಣ್ಣೊಳಗೆ ಹೋಯಿತು. ಅಲ್ಲಿಂದ ಮರಳಿ ಬಂದದ್ದು ಯಾವುದನ್ನು ಲೆಕ್ಕ ಹಾಕದೆ ಬಿಡಬಹುದು ಎಂಬ ತಿಳಿವಳಿಕೆ. ಈ ವಿನಿಮಯದಲ್ಲಿ ಬೆಂಗಳೂರಿನಲ್ಲಿ ಓದಿದ ಒಬ್ಬ ವಿದ್ಯುತ್ ಎಂಜಿನಿಯರನ ಪಾತ್ರ ದೊಡ್ಡದು, ಕನ್ನಡದಲ್ಲಿ ಅದರ ಮಾತು ಕಡಿಮೆ.

ಲೆಕ್ಕ ಬಿಡುವುದರ ಬೆಲೆ ತಿಳಿಯಬೇಕಾದರೆ ಲೆಕ್ಕ ಹಾಕುವವರ ಕಷ್ಟ ಮೊದಲು ನೋಡಬೇಕು. ಚಲಿಸುವ ಚಿತ್ರವನ್ನು ಕುಗ್ಗಿಸಿ ತಂತಿಯಲ್ಲಿ ಕಳಿಸುವವರು ಹಿಂದಿನ ಫ್ರೇಮಿನ ತುಣುಕು ಹೊಸ ಫ್ರೇಮಿನಲ್ಲಿ ಎಲ್ಲಿದೆ ಎಂದು ಹುಡುಕುತ್ತಾರೆ. ಸಿಕ್ಕರೆ ತುಣುಕನ್ನೇ ಮತ್ತೆ ಕಳಿಸಬೇಕಿಲ್ಲ, ಎಷ್ಟು ಸರಿಯಿತು ಎಂಬ ಎರಡು ಅಂಕಿ ಸಾಕು. 16 ಪಿಕ್ಸೆಲ್ ಉದ್ದಗಲದ ತುಣುಕನ್ನು ಎಲ್ಲ ದಿಕ್ಕಿಗೂ ಏಳು ಪಿಕ್ಸೆಲ್ ದೂರದವರೆಗೆ ಹುಡುಕಿದರೆ 225 ಜಾಗಗಳು, ಒಂದೊಂದು ಜಾಗದಲ್ಲಿ 256 ಹೋಲಿಕೆಗಳು. 352 ಅಗಲ 288 ಎತ್ತರದ ಸಣ್ಣ ಚಿತ್ರದಲ್ಲಿ ಇಂಥ ತುಣುಕು 396. ಸೆಕೆಂಡಿಗೆ 30 ಫ್ರೇಮು ಎಂದರೆ 68 ಕೋಟಿಗೂ ಮೀರಿದ ಹೋಲಿಕೆಗಳು. 1981ರಲ್ಲಿ ಜಪಾನಿನ ಕೋಗಾ ಮತ್ತು ಸಂಗಡಿಗರು ಮೂರು ಹೆಜ್ಜೆಯ ಹುಡುಕಾಟ ಸೂಚಿಸಿದರು: ಮೊದಲು ದೂರದೂರದ ಒಂಬತ್ತು ಜಾಗ, ಅದರಲ್ಲಿ ಚೆನ್ನಾಗಿ ಹೊಂದಿದ್ದರ ಸುತ್ತ ಹತ್ತಿರದ ಎಂಟು, ಮತ್ತೆ ಎಂಟು. 225 ಇದ್ದದ್ದು 25ಕ್ಕೆ ಇಳಿಯಿತು, 68 ಕೋಟಿ ಏಳೂವರೆ ಕೋಟಿಯಾಯಿತು. ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪಿದರೆ ಕೊನೆಗೂ ತಪ್ಪೇ ಎಂಬ ಅಪಾಯವೂ ಜೊತೆಗೇ ಬಂತು. ಅಂದಿನಿಂದ ಈ ವಿದ್ಯೆಯ ಸುಧಾರಣೆಯೆಲ್ಲ ಹೆಚ್ಚುಕಡಿಮೆ ಒಂದೇ ದಿಕ್ಕಿನದು: ಕಡಿಮೆ ಜಾಗದಲ್ಲಿ, ಜಾಣತನದಿಂದ ಹುಡುಕುವುದು. ಹುಡುಕಲೇಬೇಕೆ ಎಂಬ ಪ್ರಶ್ನೆ ಇಲ್ಲಿ ಮುನ್ನೆಲೆಗೆ ಬರಲಿಲ್ಲ.

ಆ ಪ್ರಶ್ನೆ ಅದಕ್ಕೆ ಕಾಲು ಶತಮಾನ ಮೊದಲೇ ಜರ್ಮನಿಯಲ್ಲಿ, ಬೇರೆ ವೇಷದಲ್ಲಿ, ಎದ್ದಿತ್ತು. ಸಂಯುಕ್ತ ಕಣ್ಣಿನ ಬಗ್ಗೆ 1891ರಲ್ಲೇ ಆಸ್ಟ್ರಿಯಾದ ಸಿಗ್ಮಂಡ್ ಎಕ್ಸ್‌ನರ್ ದೊಡ್ಡ ಗ್ರಂಥ ಬರೆದಿದ್ದ. ಮಿಣುಕುಹುಳುವಿನ ಕಣ್ಣನ್ನೇ ಮಸೂರವಾಗಿಟ್ಟು ಫೋಟೋ ತೆಗೆದ ಆಸಾಮಿ ಆತ. ಆದರೆ ಕಣ್ಣು ಚಿತ್ರ ಹೇಗೆ ಮೂಡಿಸುತ್ತದೆ ಎಂಬುದು ಬೇರೆ, ಚಿತ್ರ ಚಲಿಸಿತೆಂದು ಹೇಗೆ ತಿಳಿಯುತ್ತದೆ ಎಂಬುದು ಬೇರೆ. ಎರಡನೆಯದಕ್ಕೆ ಕೈ ಹಾಕಿದವರು ಜೀವವಿಜ್ಞಾನಿ ಬರ್ನ್‌ಹಾರ್ಡ್ ಹಸ್ಸೆನ್‌ಸ್ಟೈನ್ ಮತ್ತು ಭೌತವಿಜ್ಞಾನಿ ವರ್ನರ್ ರೈಖಾರ್ಟ್. ಕ್ಲೋರೋಫಾನಸ್ ಎಂಬ ಮೂತಿಹುಳುವಿನ ಬೆನ್ನನ್ನು ಒಂದು ಕಡ್ಡಿಗೆ ಅಂಟಿಸಿ, ಕಾಲಿಗೆ ಕಡ್ಡಿಗಳಿಂದ ಹೆಣೆದ ಹಗುರ ಗೋಳವೊಂದನ್ನು ಕೊಟ್ಟರು. ಹುಳು ನಡೆದಂತೆ ಗೋಳ ಕೆಳಗೆ ಉರುಳುತ್ತದೆ, ಹುಳು ಇದ್ದಲ್ಲೇ ಇರುತ್ತದೆ. ಕೆಲವು ಹೆಜ್ಜೆಗೊಮ್ಮೆ ಕವಲು ಎದುರಾಗಿ ಎಡವೋ ಬಲವೋ ಆರಿಸಬೇಕಾಗುತ್ತದೆ. ಸುತ್ತಲೂ ಕಪ್ಪುಬಿಳುಪು ಪಟ್ಟೆಗಳ ತಿರುಗುವ ಗೋಡೆ. ಪಟ್ಟೆ ತಿರುಗಿದತ್ತ ಹುಳುವೂ ತಿರುಗುತ್ತದೆ. ಪಕ್ಕಪಕ್ಕದ ಎರಡು ಬಿಂದುಗಳಲ್ಲಿ ಒಂದಾದ ಮೇಲೊಂದು ಬೆಳಕು ಹೆಚ್ಚಿದರೆ ಹುಳು ಆ ದಿಕ್ಕಿಗೆ ಹೊರಳುತ್ತದೆ. ಮೊದಲನೆಯದರಲ್ಲಿ ಬೆಳಕು ಹೆಚ್ಚಿ ಎರಡನೆಯದರಲ್ಲಿ ಕಡಿಮೆಯಾದರೆ? ಹುಳು ಎದುರು ದಿಕ್ಕಿಗೆ ಹೊರಳುತ್ತದೆ. ಧನ ಗುಣಿಸು ಋಣ ಎಂದರೆ ಋಣ: ಶಾಲೆಯ ಬೀಜಗಣಿತ ಮೂತಿಹುಳುವಿನ ಹೊರಳಿನಲ್ಲಿ ಕಂಡಿತು. 1956ರಲ್ಲಿ ಅವರು ಮುಂದಿಟ್ಟ ಮಾದರಿ ಇಷ್ಟೇ: ಒಂದು ಕಿರುಗಣ್ಣಿನ ಸಂಕೇತವನ್ನು ತುಸು ತಡಮಾಡಿ, ಪಕ್ಕದ್ದರ ಜೊತೆ ಗುಣಿಸು, ಎದುರು ದಿಕ್ಕಿಗೂ ಹಾಗೇ ಮಾಡಿ ಒಂದರಿಂದ ಇನ್ನೊಂದನ್ನು ಕಳೆ. ಹುಡುಕಾಟದ ಸುಳಿವೇ ಇಲ್ಲ. ಯಾವ ವಸ್ತು ಎಲ್ಲಿಗೆ ಹೋಯಿತೆಂದು ಹುಳುವಿಗೆ ತಿಳಿಯಬೇಕಾಗಿಯೂ ಇಲ್ಲ. ಸಂಕೇತವನ್ನು ತಡಮಾಡಿ ಇನ್ನೊಂದರ ಜೊತೆ ಗುಣಿಸಿ ಹೋಲಿಸುವುದು ಆ ಕಾಲದ ಸಂಪರ್ಕ ತಂತ್ರಜ್ಞಾನಕ್ಕೆ ಚೆನ್ನಾಗಿ ಗೊತ್ತಿದ್ದ ಕ್ರಮ ಎಂಬುದನ್ನು ಗಮನಿಸಬೇಕು. ಅದನ್ನು ಬಲ್ಲ ಭೌತವಿಜ್ಞಾನಿ ಇದ್ದುದರಿಂದಲೇ ಹುಳುವಿನಲ್ಲಿ ಅದು ಕಂಡಿತು.

ಇಲ್ಲಿಗೆ ಕೀಟ ಗೆದ್ದಿತೆಂದು ಬರೆದುಬಿಡುವವರಿದ್ದಾರೆ. ಆದರೆ ಈ ಮಾದರಿಗೆ ಗಟ್ಟಿ ಆಕ್ಷೇಪವೊಂದಿದೆ: ಅದು ದಿಕ್ಕು ಹೇಳುತ್ತದೆ, ವೇಗವನ್ನು ನೆಟ್ಟಗೆ ಹೇಳುವುದಿಲ್ಲ. ಪಟ್ಟೆ ದಪ್ಪವೋ ತೆಳುವೋ, ಕಪ್ಪು ಕಡುವೋ ಮಾಸಲೋ ಎಂಬುದರ ಮೇಲೆ ಉತ್ತರ ಏರಿಳಿಯುತ್ತದೆ. ಗಾಳಿಗೆ ಬದಿಗೆ ಒಲೆದಾಗ ದೇಹವನ್ನು ನೇರಮಾಡಿಕೊಳ್ಳಲು ಇಷ್ಟು ಸಾಕು. ಮರಕ್ಕೆ ಎಷ್ಟು ದೂರ ಎಂದು ತಿಳಿಯಲು ಸಾಲದು. ತಿತಿಮತಿ ರಸ್ತೆಯ ಬಸ್ಸಿನ ಕಿಟಕಿಯಿಂದ ನೋಡಿದರೆ ರಸ್ತೆಬದಿಯ ಮರ ಸರ್ರನೆ ಓಡುತ್ತದೆ, ದೂರದ ಬೆಟ್ಟ ಕದಲುವುದೇ ಇಲ್ಲ. ಓಟದ ಸರಿಯಾದ ಅಳತೆ ಸಿಕ್ಕರಷ್ಟೇ ದೂರ ಸಿಗುತ್ತದೆ. ಎರಡು ಕಣ್ಣುಗಳ ನಡುವಿನ ಅಂತರದಿಂದ ದೂರ ಅಳೆಯುವುದು ನಮ್ಮ ಉಪಾಯ. ಜೇನಿನ ಕಣ್ಣುಗಳು ಅದಕ್ಕಾಗದಷ್ಟು ಹತ್ತಿರ, ಮಸೂರಗಳಿಗೆ ಗಮನ ಹೊಂದಿಸಿಕೊಳ್ಳುವ ಶಕ್ತಿಯೂ ಇಲ್ಲ. ಹಾಗಾದರೆ ಜೇನು ನಿಜಕ್ಕೂ ವೇಗ ಅಳೆಯುತ್ತದೆಯೇ?

ಉತ್ತರ ಕೊಟ್ಟವರು ಮಂಡಯಂ ವಿ. ಶ್ರೀನಿವಾಸನ್. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಎಂಜಿನಿಯರಿಂಗ್, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಪದವಿ, ಅಮೆರಿಕದ ಯೇಲ್‌ನಲ್ಲಿ ಡಾಕ್ಟರೇಟ್. ಮುಂದೆ ಕ್ಯಾನ್‌ಬೆರಾ, ಜ್ಯೂರಿಕ್, ಬ್ರಿಸ್ಬೇನ್. ಜೀವವಿಜ್ಞಾನಕ್ಕೆ ಹೊರಗಿನಿಂದ ಬಂದವರು. ಜೇನಿಗಿಂತ ಮೊದಲಿನ ಅವರ ಒಂದು ಕೆಲಸ ನನ್ನ ವಾದಕ್ಕೆ ನೇರ ಸಾಕ್ಷಿ. 1982ರಲ್ಲಿ ಸೈಮನ್ ಲಾಫ್ಲಿನ್ ಮತ್ತು ಆಂಡ್ರಿಯಾಸ್ ಡಬ್ಸ್ ಜೊತೆ ಅವರು ನೊಣದ ಕಣ್ಣಿನ ಮೊದಲ ಪದರದ ನರಕೋಶಗಳ ನಡತೆಯನ್ನು ವಿವರಿಸಿದರು. ಪ್ರತಿ ಬಿಂದುವಿನ ಬೆಳಕನ್ನು ಅಕ್ಕಪಕ್ಕದವುಗಳಿಂದಲೂ ಹಿಂದಿನ ಕ್ಷಣದಿಂದಲೂ ಮೊದಲೇ ಊಹಿಸಿ, ಊಹೆ ತಪ್ಪಿದಷ್ಟನ್ನು ಮಾತ್ರ ಮುಂದಕ್ಕೆ ಕಳಿಸುವುದು ಅವುಗಳ ಕ್ರಮ. ಈ ಉಪಾಯವನ್ನು ಅವರು ನೊಣದಲ್ಲಿ ಮೊದಲು ಕಂಡು ಟೆಲಿವಿಷನ್‌ಗೆ ತಂದದ್ದಲ್ಲ. ಬೆಲ್ ಲ್ಯಾಬ್ಸ್‌ನ ಎಂಜಿನಿಯರುಗಳು 1950ರ ಸುಮಾರಿಗೇ ಚಿತ್ರಸಂಕೇತ ಕುಗ್ಗಿಸಲು ಅದನ್ನು ರೂಪಿಸಿದ್ದರು. ಟೆಲಿವಿಷನ್ನಿನ ವಿದ್ಯೆಯನ್ನು ಹಿಡಿದು ನೊಣದ ಕಣ್ಣಿಗೆ ಹೋದಾಗ, ಹಲವು ದಶಕಗಳಿಂದ ಕಂಡಿದ್ದರೂ ಕಾರಣ ಸ್ಪಷ್ಟವಿಲ್ಲದಿದ್ದ ನಡತೆಯೊಂದಕ್ಕೆ ಅರ್ಥ ಸಿಕ್ಕಿತು. ಸಾಲ ಕೊಟ್ಟವರು ಯಾರು, ತಂದವರು ಯಾರು ಎಂದು ಈ ಚರಿತ್ರೆಯಲ್ಲಿ ಗೆರೆ ಎಳೆಯುವುದು ಅಷ್ಟು ಸಲೀಸಲ್ಲ.

ಆಮೇಲೆ ಬಂದದ್ದು ಸುರಂಗದ ಪ್ರಯೋಗಗಳು. 1980ರ ದಶಕದ ಕೊನೆಯಲ್ಲಿ ಶ್ರೀನಿವಾಸನ್ ಮತ್ತು ವೋಲ್ಫ್‌ಗಾಂಗ್ ಕಿರ್ಷ್‌ನರ್ ಜೇನುಗಳನ್ನು ಸಕ್ಕರೆನೀರಿನ ಆಸೆಗೆ ಇಕ್ಕಟ್ಟಿನ ಸುರಂಗದಲ್ಲಿ ಹಾರಿಸಿದರು. ಜೇನು ಸರಿಯಾಗಿ ನಡುವೆ ಹಾರುತ್ತದೆ. ಎರಡೂ ಗೋಡೆಗೆ ನಿಂತ ಪಟ್ಟೆಗಳನ್ನು ಅಂಟಿಸಿ, ಒಂದು ಗೋಡೆಯನ್ನು ಜೇನು ಹಾರುವ ದಿಕ್ಕಿಗೇ ಸರಿಸಿದರೆ ಆ ಕಣ್ಣಿಗೆ ಓಟ ನಿಧಾನವಾಗಿ ಕಾಣುತ್ತದೆ. ಗೋಡೆ ದೂರವಿದೆ ಎಂದುಕೊಂಡ ಜೇನು ಅದರತ್ತ ವಾಲುತ್ತದೆ. ಎದುರು ದಿಕ್ಕಿಗೆ ಸರಿಸಿದರೆ ದೂರ ಸರಿಯುತ್ತದೆ. 1991ರ ಪ್ರಬಂಧದಲ್ಲಿ ತೂಕದ ಮಾತು ಬಂತು: ಒಂದು ಗೋಡೆಗೆ ದಪ್ಪ ಪಟ್ಟೆ, ಇನ್ನೊಂದಕ್ಕೆ ತೆಳು ಪಟ್ಟೆ ಹಾಕಿದರೂ ಜೇನು ನಡುದಾರಿ ಬಿಡಲಿಲ್ಲ. ಮೂತಿಹುಳುವಿನ ಮಾದರಿಯಷ್ಟೇ ಇದ್ದಿದ್ದರೆ ಅದು ಒಂದು ಕಡೆಗೆ ವಾಲಬೇಕಿತ್ತು. ಪಟ್ಟೆ ಎಂಥದೇ ಇರಲಿ, ಚಿತ್ರ ಕಣ್ಣ ಮೇಲೆ ಜಾರುವ ವೇಗವನ್ನೇ ಜೇನು ಓದುತ್ತಿದೆ. ಇಳಿಯುವಾಗಿನ ಲೆಕ್ಕ ಇನ್ನೂ ಸರಳವೆಂದು ಜವಾನ್ ಚಾಲ್ ಮೊದಲಾದವರ ಜೊತೆಗಿನ 2000ದ ಕೆಲಸ ತೋರಿಸಿತು. ನೆಲದ ಓಟ ಕಣ್ಣಿಗೆ ಒಂದೇ ಸಮ ಕಾಣುವಂತೆ ಹಾರಿದರೆ ಸಾಕು. ಎತ್ತರ ಇಳಿದಂತೆ ವೇಗವೂ ತಾನೇ ತಗ್ಗಿ, ಕಾಲು ನೆಲಕ್ಕೆ ತಾಗುವ ಹೊತ್ತಿಗೆ ಸೊನ್ನೆಗೆ ಬರುತ್ತದೆ. ಎತ್ತರವಾಗಲಿ ವೇಗವಾಗಲಿ ಬಿಡಿಯಾಗಿ ತಿಳಿದಿರಬೇಕಿಲ್ಲ.

ಇದನ್ನೆಲ್ಲ ವಿಡಿಯೋದ ಲೆಕ್ಕಕ್ಕೆ ತಂದದ್ದು 1994ರಲ್ಲಿ ಶ್ರೀನಿವಾಸನ್ ಪ್ರಕಟಿಸಿದ ವಿಧಾನ. ಹಳೆಯ ಫ್ರೇಮನ್ನು ತೆಗೆದುಕೊಂಡು, ಗೊತ್ತಿರುವಷ್ಟು ಎಡಕ್ಕೆ ಸರಿಸಿದ ಒಂದು ಪ್ರತಿ, ಅಷ್ಟೇ ಬಲಕ್ಕೆ ಸರಿಸಿದ ಇನ್ನೊಂದು ಪ್ರತಿ ಮಾಡಿಕೊಳ್ಳಿ. ಹೊಸ ಫ್ರೇಮು ಇವೆರಡರ ನಡುವೆ ಎಲ್ಲೋ ಇದೆ ಎಂದು ಹಿಡಿದರೆ, ಯಾವ ಪ್ರತಿಯ ಪಾಲು ಎಷ್ಟು ಬೆರೆಸಿದರೆ ಹೊಸದು ಬರುತ್ತದೆ ಎಂಬುದೇ ಉತ್ತರ. ಆ ಪಾಲು ಸಿಗಲು ಪ್ರತಿ ಪಿಕ್ಸೆಲ್ಲಿಗೆ ಬೆರಳೆಣಿಕೆಯ ಗುಣಾಕಾರ, ಎಲ್ಲವನ್ನೂ ಕೂಡಿಸಿ ಕೊನೆಗೆ ಒಂದು ಭಾಗಾಕಾರ. ಜಾಗದಿಂದ ಜಾಗಕ್ಕೆ ಅಲೆದಾಟವಿಲ್ಲ, ಉತ್ತರಕ್ಕೆ ಹತ್ತಿರವಾಗುತ್ತ ಮತ್ತೆ ಮತ್ತೆ ಸುತ್ತುವುದಿಲ್ಲ, ಮೂಲೆ ಅಂಚುಗಳನ್ನು ಗುರುತು ಹಿಡಿಯುವ ಕೆಲಸವೂ ಇಲ್ಲ. ಕೊರತೆ ಒಂದೇ, ಆದರೆ ದೊಡ್ಡದು: ಎರಡು ಫ್ರೇಮುಗಳ ನಡುವೆ ಚಿತ್ರ ಸ್ವಲ್ಪವೇ ಸರಿದಿರಬೇಕು. ಹೆಚ್ಚು ಸರಿದರೆ ಪಾಲಿನ ಲೆಕ್ಕಕ್ಕೆ ಅರ್ಥವಿಲ್ಲ. ಆಕ್ಷೇಪಿಸುವವರು ಇಲ್ಲಿ ನಿಂತುಬಿಡುತ್ತಾರೆ. ವಾದ ಶುರುವಾಗುವುದೇ ಇಲ್ಲಿ ಎನ್ನುವುದು ನನ್ನ ಅಭಿಪ್ರಾಯ. ಸೆಕೆಂಡಿಗೆ ಅರವತ್ತರ ಆಚೆ ಮಿನುಗಿದ ದೀಪ ನಮಗೆ ಒಂದೇ ಸಮ ಉರಿದಂತೆ ಕಾಣುತ್ತದೆ. ಜೇನಿನ ಕಣ್ಣು ಇನ್ನೂರರ ಸುಮಾರಿಗೂ ಮಿನುಗನ್ನು ಮಿನುಗಾಗಿಯೇ ಕಾಣುತ್ತದೆ. ಅಷ್ಟು ಬೇಗಬೇಗ ನೋಡುವ ಕಣ್ಣಿಗೆ ಪ್ರತಿ ಸಲವೂ ಚಿತ್ರ ಸರಿದಿರುವುದು ಕೂದಲೆಳೆಯಷ್ಟೇ. ಚುರುಕಾಗಿ ನೋಡಿದಷ್ಟೂ ಲೆಕ್ಕ ಚಿಕ್ಕದಾಗುತ್ತದೆ. ಹುಡುಕಾಟದವರು ನಿಧಾನ ಕ್ಯಾಮೆರಾ ಹಿಡಿದು ಜಾಣ ಲೆಕ್ಕ ಕಟ್ಟಿದರು. ಕೀಟದ ದಾರಿ ಚುರುಕು ಕಣ್ಣಿಗೆ ಪೆದ್ದು ಲೆಕ್ಕ.

ಪೆದ್ದು ಲೆಕ್ಕ ತಪ್ಪುವುದೂ ಉಂಟು, ಆ ತಪ್ಪು ಇನ್ನೊಂದು ಸಾಕ್ಷಿ. ಗೂಡಿಗೆ ಮರಳಿದ ಜೇನು ಮೈ ಅಲುಗಿಸಿ ಕುಣಿದು ಹೂವಿನ ದಿಕ್ಕು ದೂರಗಳನ್ನು ಉಳಿದವಕ್ಕೆ ಹೇಳುತ್ತದೆಂದು ಕಂಡುಹಿಡಿದ ಕಾರ್ಲ್ ಫಾನ್ ಫ್ರಿಶ್ 1973ರಲ್ಲಿ ನೊಬೆಲ್ ಪಡೆದ. ಖರ್ಚಾದ ಶಕ್ತಿಯಿಂದ ಜೇನು ದೂರ ಅಳೆಯುತ್ತದೆ ಎಂಬುದು ಬಹುಕಾಲದ ನಂಬಿಕೆಯಾಗಿತ್ತು. ಶ್ರೀನಿವಾಸನ್, ಝಾಂಗ್ ಶಾವೂ, ಯೂರ್ಗನ್ ಟೌಟ್ಸ್ ಮೊದಲಾದವರು 2000ದಲ್ಲಿ ಸುಮಾರು ಆರು ಮೀಟರ್ ಉದ್ದದ, ಒಳಗೆಲ್ಲ ಚುಕ್ಕೆ ಚೌಕಗಳಿದ್ದ ಕಿರಿದಾದ ಸುರಂಗದಲ್ಲಿ ಹಾರಿಸಿದಾಗ ಜೇನು ಗೂಡಿಗೆ ಹೋಗಿ ಇನ್ನೂರು ಮೀಟರಿನ ಆಸುಪಾಸಿನ ಕುಣಿತ ಕುಣಿಯಿತು. ಗೋಡೆ ಹತ್ತಿರ, ಓಟ ಜೋರು, ಆದ್ದರಿಂದ ದೂರ ಹೆಚ್ಚು. ಸುರಂಗದುದ್ದಕ್ಕೂ ಅಡ್ಡಪಟ್ಟೆ ಎಳೆದಾಗ ಕಣ್ಣ ಮೇಲೆ ಏನೂ ಜಾರಲಿಲ್ಲ, ದೂರವೂ ಮಾಯವಾಯಿತು. ಇದೇ ತರ್ಕ ಹಿಡಿದರೆ ತಿತಿಮತಿಯ ಸುತ್ತ ಒಂದೇ ಗೂಡಿನಿಂದ ಹೊರಟ ಎರಡು ತುಡುವೆಗಳ ಲೆಕ್ಕ ಬೇರೆಯಾಗಬೇಕು: ಒತ್ತಾದ ಕಾಫಿ ಗಿಡಗಳ ನಡುವೆ ಹಾರಿದ್ದು ಹೆಚ್ಚು ದೂರ ಹೇಳಬೇಕು, ಗದ್ದೆಬಯಲಿನ ಮೇಲೆ ಅಷ್ಟೇ ಹಾರಿದ್ದು ಕಡಿಮೆ. ದಾರಿ ಹೇಳುವ ವಿದ್ಯೆಗೆ ಇದು ದೋಷವಲ್ಲವೇ ಎಂದು ಕೇಳಬಹುದು. ಕುಣಿತ ನೋಡಿದ ಸಂಗಾತಿ ಅದೇ ದಿಕ್ಕಿಗೆ, ಅದೇ ನೋಟದ ನಡುವೆ ಹಾರುವುದರಿಂದ ಇಬ್ಬರ ತಪ್ಪೂ ಒಂದೇ, ಜಾಗ ಸರಿಯಾಗಿ ಸಿಗುತ್ತದೆ. ಮೀಟರು ಬೇಕಾಗಿದ್ದು ನಮಗೆ. ಅಳತೆಗೋಲು ಬದುಕಿಗೆ ತಕ್ಕಂತೆ ಬದಲಾಗುವುದೂ ಉಂಟು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಆಕ್ಸೆಲ್ ಬ್ರಾಕ್‌ಮನ್ ಮತ್ತು ಸಂಗಡಿಗರು ದಕ್ಷಿಣ ಭಾರತದ ಮೂರು ಜೇನುಗಳನ್ನು ಹೋಲಿಸಿ 2020ರಲ್ಲಿ ಪ್ರಕಟಿಸಿದ ಕೆಲಸದಂತೆ, ಗೂಡಿನ ಹತ್ತಿರವೇ ಮೇಯುವ ತುಡುವೆಯ ಕುಣಿತ ದೂರ ಹೆಚ್ಚಿದಂತೆ ಬೇಗ ಉದ್ದವಾಗುತ್ತದೆ. ಬಲು ದೂರ ಹೋಗುವ ಹೆಜ್ಜೇನಿನದು ನಿಧಾನವಾಗಿ.

ಈಗ ಎಲ್ಲಕ್ಕಿಂತ ಕಟುವಾದ ಆಕ್ಷೇಪಕ್ಕೆ ಬರೋಣ. ಇಂದು ಕೋಟ್ಯಂತರ ಜನ ಫೋನಿನಲ್ಲಿ ನೋಡುವ ವಿಡಿಯೋದೊಳಗೆ ಜೇನಿನ ವಿದ್ಯೆ ಇಲ್ಲ. ವಿಡಿಯೋ ಕುಗ್ಗಿಸುವ 1988ರ ಎಚ್.261 ಮಾನದಂಡದಿಂದ ಇಲ್ಲಿಯವರೆಗೆ ಗೆದ್ದದ್ದು ತುಣುಕು ಹುಡುಕುವ ವಿಧಾನವೇ. ಅದರ ಜೊತೆಗಾರನಾದ ಕೊಸೈನ್ ಪರಿವರ್ತನೆ 1974ರಲ್ಲಿ ನಾಸಿರ್ ಅಹ್ಮದ್, ಟಿ. ನಟರಾಜನ್, ಕೆ. ಆರ್. ರಾವ್ ಅವರ ಪ್ರಬಂಧದಿಂದ ಬಂತು. ಅಹ್ಮದ್ ಬೆಂಗಳೂರಿನಲ್ಲಿ ಹುಟ್ಟಿ ಅಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲೇ ಓದಿದವರು. ಒಂದೇ ಊರಿನಲ್ಲಿ ಓದಿದ ಇಬ್ಬರು ಚಿತ್ರದ ಎರಡು ಬೇರೆ ದಾರಿಗಳಿಗೆ ಹೆಸರಾದದ್ದು ಕಾಕತಾಳೀಯವಿರಬಹುದು, ಆದರೂ ಹೇಳದೆ ಬಿಡಲು ಮನಸ್ಸಾಗುವುದಿಲ್ಲ. ಆಕ್ಷೇಪವನ್ನು ಪೂರ್ತಿ ಒಪ್ಪುತ್ತೇನೆ. ವಿಡಿಯೋ ಕುಗ್ಗಿಸುವವರಿಗೆ ಬೇಕಾದದ್ದು ಹೊಂದುವ ತುಣುಕು, ನಿಜವಾದ ಚಲನೆಯಲ್ಲ. ತಪ್ಪು ಜಾಗದ ತುಣುಕು ಹೊಂದಿದರೂ ಅವರ ಕೆಲಸ ಆಯಿತು. ಡಿಕ್ಕಿ ತಪ್ಪಿಸಬೇಕಾದ ಯಂತ್ರದ ಗರಜು ಬೇರೆ. ಕೀಟದ ಹೆಸರೆತ್ತದೆ ಅದೇ ಉಪಾಯಕ್ಕೆ ಬಂದವರೂ ಇದ್ದಾರೆ ಎಂಬುದು ಇನ್ನೂ ಸ್ವಾರಸ್ಯ. 1999ರಲ್ಲಿ ಮಾರುಕಟ್ಟೆಗೆ ಬಂದ ಬೆಳಕಿನ ಮೌಸ್ 16 ಪಿಕ್ಸೆಲ್ ಉದ್ದಗಲದ ಪುಟಾಣಿ ಚಿತ್ರವನ್ನು ಸೆಕೆಂಡಿಗೆ ಸುಮಾರು 1,500 ಸಲ ತೆಗೆದು ಮೇಜಿನ ಜಾರುವಿಕೆ ಅಳೆಯಿತು. ಕಣ್ಣು ಒರಟು, ನೋಟ ಚುರುಕು, ಲೆಕ್ಕ ಚಿಕ್ಕದು.

ಚಿಪ್ಪುಗಳ ಬಲ ಬೆಳೆದ ಮೇಲೆ, ಆಳವಾದ ನರಜಾಲಗಳು ಚಲನೆಯನ್ನು ಪಿಕ್ಸೆಲ್ ಪಿಕ್ಸೆಲ್ಲಿಗೂ ಹೇಳಬಲ್ಲವಾದ ಮೇಲೆ, ಈ ಮಿತವ್ಯಯವೆಲ್ಲ ಏಕೆ ಎನ್ನಬಹುದು. ಅಂಗೈಯಗಲದ ಡ್ರೋನಿಗೆ ಲೆಕ್ಕಕ್ಕೆ ಸುರಿದ ಬ್ಯಾಟರಿಯ ಪ್ರತಿ ಗ್ರಾಮೂ ಹಾರಾಟದ ಸಮಯದಿಂದ ಕಳೆಯುತ್ತದೆ ಎಂಬುದಷ್ಟೇ ಅದಕ್ಕೆ ಉತ್ತರ. ಇದಕ್ಕಿಂತ ಸೂಕ್ಷ್ಮವಾದ ತೊಡಕು ಹೆಜ್ಜೇನಿನದು. ಅದು ಬೆಳದಿಂಗಳಲ್ಲೂ ಮೇಯಲು ಹೋಗುತ್ತದೆ. ಮಬ್ಬಿನಲ್ಲಿ ಕಣ್ಣು ಬೆಳಕನ್ನು ಹೆಚ್ಚು ಹೊತ್ತು ಕೂಡಿಸಿಕೊಳ್ಳಬೇಕು, ಅಂದರೆ ನೋಟ ನಿಧಾನವಾಗಬೇಕು. ಚುರುಕು ಕಣ್ಣೇ ಸರಳ ಲೆಕ್ಕದ ಅಡಿಪಾಯವೆಂಬ ನನ್ನ ಮಾತು ಆಗ ಕುಸಿಯುವುದಿಲ್ಲವೇ? ಬೆಳಕು ಕಡಿಮೆಯಾದಂತೆ ಬಂಬಲ್ ಜೇನುಗಳು ಹಾರುವ ವೇಗವನ್ನೇ ತಗ್ಗಿಸುತ್ತವೆಂದು ಪ್ರಯೋಗಗಳು ತೋರಿಸಿವೆ. ನೋಟ ನಿಧಾನವಾದರೆ ಹಾರಾಟವೂ ನಿಧಾನವಾಗಿ, ಎರಡು ನೋಟಗಳ ನಡುವಿನ ಸರಿತ ಮತ್ತೆ ಸಣ್ಣದಾಗುತ್ತದೆ. ಅಡಿಪಾಯ ಹಾಗೇ ಉಳಿಯಿತು, ಬದಲಾದದ್ದು ಹಾರಾಟ.

ಒಂದೇ ಪ್ರಶ್ನೆ ಕೇಳುವ ಜೀವಿಯೂ ಯಂತ್ರವೂ ಒಂದೇ ಕಡೆ ಎಡವುತ್ತವೆ ಎಂಬುದು ಕೊನೆಯ ಸಾಕ್ಷಿ. ಸರೋವರದ ಮೇಲೆ ಹಾರಿಸಿದ ಜೇನುಗಳು ನೀರು ಕನ್ನಡಿಯಂತೆ ನಿಂತಾಗ ಎತ್ತರದ ಹಿಡಿತ ತಪ್ಪಿ ನೀರಿಗೆ ಬೀಳುತ್ತವೆಂದು ಹೆರಾನ್ ಮತ್ತು ಲಿಂಡಾವರ್ 1963ರಲ್ಲೇ ವರದಿ ಮಾಡಿದ್ದರು. ಅಲೆ ಎದ್ದು ನೀರಿನ ಮೇಲೆ ಕಾಣುವಂಥದ್ದೇನಾದರೂ ಇದ್ದರೆ ದಾಟಿಹೋಗುತ್ತಿದ್ದವು. ಯಂತ್ರದ ಕಡೆ ನೋಡಿದರೆ, 2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಚಂದ್ರನ ಮೇಲೆ ಇಳಿದಾಗ ಅದರ ಹೊಟ್ಟೆಯಡಿಯ ಅಡ್ಡವೇಗದ ಕ್ಯಾಮೆರಾಕ್ಕೆ ಕುಳಿಗಳೂ ಕಲ್ಲುಗಳೂ ಬೇಕಾದಷ್ಟಿದ್ದವು. ಮಂಗಳನ ಮೇಲೆ ಹಾರಾಡುತ್ತಿದ್ದ ನಾಸಾದ ಇಂಜೆನ್ಯುಯಿಟಿ ಹೆಲಿಕಾಪ್ಟರ್ ಕೆಳಮುಖದ ಕಪ್ಪುಬಿಳುಪು ಕ್ಯಾಮೆರಾದಿಂದ ಸೆಕೆಂಡಿಗೆ 30 ಚಿತ್ರ ತೆಗೆದು ನೆಲದ ಜಾರುವಿಕೆಯಿಂದ ತನ್ನ ಚಲನೆ ಅಳೆಯುತ್ತಿತ್ತು. ಅದರ ಲೆಕ್ಕ ಬರೆದವರು ಜೇನನ್ನು ನಕಲು ಮಾಡಿರಲಿಲ್ಲ, ಕಲ್ಲುಗಳ ಗುರುತು ಹಿಡಿದು ಹಿಂಬಾಲಿಸುವ ಕ್ರಮ ಅವರದು. 2024ರ ಜನವರಿ 18ರಂದು, 72ನೆಯ ಹಾರಾಟದಲ್ಲಿ, ಗುರುತಿಗೆ ಏನೂ ಸಿಗದ ನುಣುಪು ಮರಳಿನ ಅಲೆಗಳ ಮೇಲೆ ಇಳಿಯುವಾಗ ಅದಕ್ಕೆ ತನ್ನ ಅಡ್ಡವೇಗ ತಿಳಿಯಲಿಲ್ಲ. ಓರೆಯಾಗಿ ನೆಲ ಮುಟ್ಟಿತು, ರೆಕ್ಕೆಗಳು ಮುರಿದವು.